ಎಲ್ಸಾಬಾಯಿಯ ಪಾಸ್‌ಪೋರ್ಟು ಹುಡುಕಿದ ದಿನ

ಅದು 1938ರ ಭಾದ್ರಪದ ಮಾಸ. ನಾನು ಮದುವೆಯಾಗಿ ಇಚಲಕರಂಜಿಗೆ ಬಂದು ಬಹಳ ದಿನವೇನೂ ಆಗಿರಲಿಲ್ಲ. ತವರು ಗಡಹಿಂಗ್ಲಜ. ಚಿಕ್ಕಂದಿನಲ್ಲಿ ಕೊಲ್ಹಾಪುರದ ಸೋದರಮಾವನ ಮನೆಯಲ್ಲಿದ್ದು ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದೆ. ಆ ನಾಲ್ಕಕ್ಷರವೇ ನನ್ನನ್ನು ಈ ಫಜೀತಿಗೆ ಸಿಕ್ಕಿಸಿತು ಎನ್ನಬೇಕು.

ಆಗ ನಮ್ಮ ಮನೆಯಲ್ಲಿ ವಿಯೆನ್ನಾ ಪಟ್ಟಣದ ಎಲ್ಸಾ ಎಂಬ ಹೆಂಗಸು ಉಳಿದುಕೊಂಡಿದ್ದರು. ಖಿದ್ರಾಪುರದ ಗುಡಿಯ ಕೆತ್ತನೆಗಳನ್ನು ನೋಡಿ ಚಿತ್ರ ಬರೆಯಲು ಪ್ರವಾಸಿಯಾಗಿ ಬಂದವರು. ಅಲ್ಲಿ ಬಿಸಿಲಿನಲ್ಲಿ ಕೂತಿದ್ದವರನ್ನು ಕಂಡು ನಮ್ಮ ಮಾವನವರೇ ಮನೆಗೆ ಕರೆತಂದಿದ್ದರು. ಓಣಿಯವರೆಲ್ಲ ಅವರನ್ನು ಎಲ್ಸಾಬಾಯಿ ಎನ್ನುತ್ತಿದ್ದರು. ಅವರು ಇಲ್ಲಿರುವಾಗಲೇ ಅವರ ದೇಶ ಜರ್ಮನಿಯ ಕೈಗೆ ಹೋಯಿತು. ಅವರು ಯಹೂದಿಗಳು. ಅಣ್ಣನನ್ನು ಅಂಗಡಿಯಿಂದಲೇ ಎಳೆದೊಯ್ದರೆಂಬ ಸುದ್ದಿ ಬಂದ ದಿನ ಅವರು ಬಣ್ಣದ ಪೆಟ್ಟಿಗೆ ಮುಚ್ಚಿದವರು ಮತ್ತೆ ತೆರೆಯಲಿಲ್ಲ.

ಇಲ್ಲಿರಲು ಅವರಿಗಿದ್ದ ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕಾದರೆ ಅವರೇ ಪಾಸ್‌ಪೋರ್ಟು ಹಿಡಿದು ಕೊಲ್ಹಾಪುರದ ಕಚೇರಿಗೆ ಬರಬೇಕೆಂದು ಅಲ್ಲಿಯವರು ಹೇಳಿದ್ದರು. ಪಂಚಗಂಗೆಗೆ ಮಹಾಪೂರ ಬಂದು ಮೋಟಾರು ಬಸ್ಸು ನಿಂತುಹೋಗಿತ್ತು. ನೀರು ಇಳಿದು ದಾರಿ ತೆರೆಯುವ ಹೊತ್ತಿಗೆ ಉಳಿದದ್ದು ಒಂದೇ ದಿನ. ನಾನು ತಾಯಿಗೆ ಮೈ ಸರಿಯಿಲ್ಲವೆಂದು ಗಡಹಿಂಗ್ಲಜಕ್ಕೆ ಹೋಗಿದ್ದವಳು ಹಿಂದಿನ ಸಂಜೆಯಷ್ಟೇ ತಿರುಗಿ ಬಂದಿದ್ದೆ. ನನ್ನ ಯಜಮಾನರು ಸಾಂಗಲಿಯಲ್ಲಿ ಕೆಲಸದಲ್ಲಿದ್ದರು. ಮಾವನವರು ಬೆಲ್ಲದ ಪೇಟೆಯ ಕೆಲಸಕ್ಕೆಂದು ಮುಂಚೆಯೇ ಕೊಲ್ಹಾಪುರಕ್ಕೆ ಹೋಗಿ, ಕಚೇರಿಯ ಹತ್ತಿರ ಕಾಯುತ್ತೇನೆಂದು ಹೇಳಿಕಳಿಸಿದ್ದರು. ನಾನೂ ಎಲ್ಸಾಬಾಯಿಯೂ ಬೆಳಗಿನ ಮೋಟಾರು ಹಿಡಿಯುವುದೆಂದು ಗೊತ್ತಾಯಿತು.

ಬೆಳಿಗ್ಗೆ ಸೀರೆ ಉಟ್ಟು ಹೊಸ್ತಿಲಿಗೆ ಬಂದೆ. ಒಳಗಿನಿಂದ ಎಲ್ಸಾಬಾಯಿ ಬರಲೇ ಇಲ್ಲ. ಹೋಗಿ ನೋಡಿದರೆ ಪೆಟ್ಟಿಗೆಯ ಬಟ್ಟೆಯೆಲ್ಲ ನೆಲದ ಮೇಲೆ. ಪಾಸ್‌ಪೋರ್ಟು ಇಲ್ಲ. ಪೆಟ್ಟಿಗೆಯಲ್ಲೇ ಇದೆಯೆಂದು ಅವರು ನೆಚ್ಚಿಕೊಂಡಿದ್ದರಂತೆ.

ನಾನು ಮೊದಲೇ ತಾಳ್ಮೆಯಿಲ್ಲದವಳು. ಹಾಸಿಗೆ ಝಾಡಿಸಿದೆ, ಜೋಳದ ಕಣಜದಲ್ಲೂ ಕೈ ಹಾಕಿದೆ, ನೋಡಿದ ಕಪಾಟನ್ನೇ ನಾಲ್ಕು ಸಲ ನೋಡಿದೆ. ಅಷ್ಟರಲ್ಲಿ ಬೆಳಗಿನ ಮೋಟಾರು ಹಾರ್ನು ಬಾರಿಸುತ್ತ ಹೋದದ್ದು ಕೇಳಿಸಿತು. ಇನ್ನು ಇದ್ದದ್ದು ಮಧ್ಯಾಹ್ನದ್ದೊಂದೇ. ಎಲ್ಸಾಬಾಯಿ ಹುಡುಕುವುದನ್ನು ಬಿಟ್ಟು ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಪೆಟ್ಟಿಗೆಗೆ ಇಡತೊಡಗಿದರು. "ಇಲ್ಲಿಂದ ಕಳಿಸಿದರೆ ನನಗೆ ಹೋಗಲು ಊರಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಸಿಟ್ಟು ಬಂತು, ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಗದ್ದಲ ಕೇಳಿ ಪಕ್ಕದ ಮನೆಯ ತಾನುಕಾಕು ಬಂದರು.

"ಏನ ಹುಡುಕಾಕತ್ತೀರಿ ಇಷ್ಟೊತ್ತಿಂದ?"

"ಪಾಸ್‌ಪೋರ್ಟರೀ ಕಾಕು. ಈ ಬಾಯಾರ್ದು. ಕಂದು ಬಣ್ಣದ ಚಕ್ಕಳದ ಚೀಲದಾಗ ಇತ್ತಂತ."

"ಚಕ್ಕಳದ್ದು?" ಕಾಕು ಗಲ್ಲಕ್ಕೆ ಕೈ ಹಚ್ಚಿದರು. "ಪರ್ವದ ಹಿಂದಿನ ದಿನ ನಿಮ್ಮ ಆಯಿ ಮನಿಯೆಲ್ಲಾ ಝಾಡಿಸ್ಯಾರ ನೋಡು. ಅವರನ್ನ ಕೇಳ ಹೋಗು."

ಆಯಿ ಎಂದರೆ ನನ್ನ ಯಜಮಾನರ ಅಜ್ಜಿ. ನಾವು ಜೈನರು; ದಶಲಕ್ಷಣ ಪರ್ವದ ಹತ್ತು ದಿನ ನಮ್ಮ ಮನೆಯಲ್ಲಿ ಚರ್ಮದ ಸಾಮಾನು ಒಂದೂ ಇರಬಾರದೆಂಬುದು ಅವರ ಕಟ್ಟಳೆ. ಚಪ್ಪಲಿ, ಸೊಂಟದ ಪಟ್ಟಿ, ಎತ್ತಿನ ಕೊರಳ ಸರ ಎಲ್ಲ ಹೊರಗೆ ಹೋಗಬೇಕು. ಅವನ್ನು ಎಲ್ಲಿಗೆ ಕಳಿಸುತ್ತಾರೆಂಬುದು ಹೊಸ ಸೊಸೆಯಾದ ನನಗೆ ಗೊತ್ತಿರಲಿಲ್ಲ. ಆಯಿಯನ್ನು ಕೇಳೋಣವೆಂದರೆ, ಪರ್ವದ ಹತ್ತೂ ದಿನ ಅವರಿಗೆ ಮೌನ. ಆಡುವುದಿಲ್ಲ, ಬರೆದು ತೋರಿಸುವುದಿಲ್ಲ, ಕೈಸನ್ನೆಯೂ ಇಲ್ಲ. ಹಗಲೆಲ್ಲ ಬಸದಿಯಲ್ಲಿ ಜಪಕ್ಕೆ ಕೂಡುವವರು. ಹಿಂದೊಮ್ಮೆ ಅಡಿಗೆಮನೆಯ ಚಪ್ಪರಕ್ಕೆ ಕಿಡಿ ಹತ್ತಿದಾಗಲೂ ಬಾಯಿ ಬಿಡದೆ ತಾವೇ ಕೊಡ ಎತ್ತಿ ನೀರು ಸುರಿದಿದ್ದರಂತೆ.

ಎಲ್ಸಾಬಾಯಿಯ ಕೈ ಹಿಡಿದುಕೊಂಡು ಬಸದಿಗೆ ಓಡಿದೆ. ಆಯಿ ಕಂಬದ ಹತ್ತಿರ ಬಿಳಿ ಸೀರೆಯ ಸೆರಗು ಹೊದ್ದು, ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು. ಆ ದಿನ ಉಪವಾಸ ಬೇರೆ. ಬಾಗಿಲಲ್ಲಿದ್ದ ಪಂಡಿತರು ನನ್ನನ್ನು ತಡೆದರು.

"ತಂಗಿ, ಅವರ ವ್ರತ ಕೆಡಸಬ್ಯಾಡ. ಸಂಜೀ ಮಟ ತಡಿ."

"ಸಂಜೀಗೆ ಕಚೇರಿ ಇರಾಂಗಿಲ್ಲರೀ" ಎಂದು ಒಳಗೆ ನುಗ್ಗಿಯೇಬಿಟ್ಟೆ. ಆಯಿಯ ಎದುರು ಮೊಣಕಾಲೂರಿ ಕೂತು ಹೇಳಿದೆ. ಪಾಸ್‌ಪೋರ್ಟು ಕಳೆದಿದೆ, ಇವತ್ತು ಸಿಗದಿದ್ದರೆ ಬಾಯಿಯವರನ್ನು ದೇಶ ಬಿಡಿಸುತ್ತಾರೆ, ಅಲ್ಲಿ ಅವರನ್ನೂ ಹಿಡಿಯುತ್ತಾರೆ ಎಂದೆಲ್ಲ ಹೇಳಿದೆ. ಮಣಿ ಸರಿಯುತ್ತಲೇ ಇತ್ತು. ಆಯಿಗೆ ಪಾಸ್‌ಪೋರ್ಟೆಂದರೆ ಏನು ಗೊತ್ತು? ತವರಿಗೆ ಹೋಗುವ ಮುಂಚೆ ಆ ಚೀಲವನ್ನು ಗೂಟದಲ್ಲಿ ಕಂಡದ್ದು ಆಗ ನನಗೆ ನೆನಪಾಯಿತು.

"ಆಯೀ, ಗೂಟಕ್ಕ ಬಾಯಾರ ಕೋಟಿನ ಕೆಳಗ ಒಂದು ಕಂದು ಚೀಲ ತೂಗಹಾಕಿತ್ತಲ್ಲರೀ, ಅದರಾಗ ಐತ್ರಿ ಅದು" ಎಂದೆ.

ಮಣಿ ನಿಂತಿತು. ಆಯಿ ಕಣ್ಣು ತೆರೆದು ನನ್ನನ್ನಲ್ಲ, ಹಿಂದೆ ನಿಂತಿದ್ದ ಎಲ್ಸಾಬಾಯಿಯನ್ನು ನೋಡಿದರು. ಕಂಬ ಹಿಡಿದು ಎದ್ದು, ಜಪಮಣಿಯನ್ನು ಪಂಡಿತರ ಮುಂದಿಟ್ಟು, ಒಂದು ಮಾತೂ ಆಡದೆ ಹೊರಗೆ ನಡೆದರು.

ಜಿಟಿಜಿಟಿ ಮಳೆ ಹಿಡಿದಿತ್ತು. ಉಪವಾಸದ ಆ ಮುದುಕಿ ಬರಿಗಾಲಲ್ಲಿ ಕೆಸರು ತುಳಿಯುತ್ತ ಮುಂದೆ, ನಾವಿಬ್ಬರೂ ಹಿಂದೆ. ಮನೆಯ ಓಣಿ ದಾಟಿದರು, ಊರ ಬಾವಿ ದಾಟಿದರು. ಎಲ್ಲಿಗೆ ಹೊರಟಿದ್ದಾರೆಂದು ನನಗೆ ತಿಳಿಯಲಿಲ್ಲ. ಕೊನೆಗೆ ನಿಂತದ್ದು ಊರ ಹೊರಗೆ, ಚಪ್ಪಲಿ ಹೊಲಿಯುವವರ ಓಣಿಯಲ್ಲಿ. ಹುಟ್ಟಿದಾಗಿನಿಂದ ಆಯಿ ಆ ಓಣಿಯಲ್ಲಿ ಕಾಲಿಟ್ಟವರಲ್ಲ. ಅಲ್ಲಿ ಕೂತಿದ್ದ, ನಮ್ಮ ಮನೆಯವರ ಚಪ್ಪಲಿ ಹೊಲಿದುಕೊಡುವ ತುಕಾರಾಮ ಗಾಬರಿಯಾಗಿ ಎದ್ದು ನಿಂತ.

"ಆಯಿಸಾಹೇಬ, ತುಮ್ಹೀ ಕಶಾಲಾ ಆಲಾತ?" ನೀವೇಕೆ ಬಂದಿರಿ ಎಂದು ಮರಾಠಿಯಲ್ಲಿ ಕೇಳಿದ. ಆಯಿಯ ಕಣ್ಣು ಮೂಲೆಯ ಗೋಣಿಚೀಲದ ಮೇಲಿತ್ತು. ಆಗ ನನಗೆ ಎಲ್ಲ ಹೊಳೆಯಿತು. ಪರ್ವದ ಮುಂಚೆ ಮನೆಯ ಚರ್ಮದ ಸಾಮಾನೆಲ್ಲ ಆ ಚೀಲದಲ್ಲಿ ತುಂಬಿ ರಿಪೇರಿಗೆಂದು ಇಲ್ಲಿಗೆ ಬರುತ್ತದೆ. ಗೂಟದಲ್ಲಿದ್ದ ಚೀಲವನ್ನೂ ಆಯಿ ಕೋಲಿನಿಂದ ಎತ್ತಿ ಅದರೊಳಗೆ ಹಾಕಿದ್ದರು.

ನಾನು ಕೈ ಹಾಕಲು ಹೋದೆ. ಆಯಿ ನನ್ನನ್ನು ಬದಿಗೆ ಸರಿಸಿದರು. ನೆಲಕ್ಕೆ ಕೂತು, ಮಡಿಸೀರೆಯಲ್ಲೇ, ಗೋಣಿಯೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಹಳೆಯ ಚಪ್ಪಲಿಗಳನ್ನು, ಎತ್ತಿನ ಸರಗಳನ್ನು ಒಂದೊಂದಾಗಿ ಹೊರಗೆ ಇಟ್ಟರು. ತಳದಲ್ಲಿ ಸಿಕ್ಕಿತು. ತೇವಕ್ಕೆ ಚೀಲ ಬೂಸಲು ಹಿಡಿದಿತ್ತು, ಪಾಸ್‌ಪೋರ್ಟಿನ ಫೋಟೋ ಒಂದು ಮೂಲೆಯಲ್ಲಿ ಎದ್ದಿತ್ತು, ಆದರೆ ಅಕ್ಷರ ಅಳಿಸಿರಲಿಲ್ಲ. ಆಯಿ ಅದನ್ನು ಎರಡೂ ಕೈಯಿಂದ ಎಲ್ಸಾಬಾಯಿಗೆ ಕೊಟ್ಟರು. ಎಲ್ಸಾಬಾಯಿ ಅಲ್ಲೇ ಕೆಸರಿನಲ್ಲಿ ಕುಸಿದು ಅತ್ತುಬಿಟ್ಟರು. ನನಗೂ ಅಳು ತಡೆಯಲಾಗಲಿಲ್ಲ, ಆದರೆ ಅಳಲು ಹೊತ್ತೆಲ್ಲಿತ್ತು? ಕೈ ಹಿಡಿದು ಎಬ್ಬಿಸಿ ಓಡಿದೆ.

ಮಧ್ಯಾಹ್ನದ ಮೋಟಾರು ಮಂದಿ ತುಂಬುವವರೆಗೂ ಹೊರಡಲಿಲ್ಲ. ಟಿಕೀಟು ಕೊಡುವ ಮಾಸ್ತರನಿಗೆ ನಾನು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಹೊರಟ ಮೇಲೂ ಎದುರು ಬಂದ ಪ್ರತಿ ಎತ್ತಿನ ಗಾಡಿಯನ್ನು ಮನಸ್ಸಿನಲ್ಲೇ ಬೈದೆ. ಕೊಲ್ಹಾಪುರ ಮುಟ್ಟಿದಾಗ ಮಾವನವರು ಕಚೇರಿಯ ಮೆಟ್ಟಿಲ ಮೇಲೆ ಅತ್ತಿಂದಿತ್ತ ತಿರುಗಾಡುತ್ತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ರಿ? ಸಾಹೇಬ್ರು ಏಳಾಕತ್ತಾರ" ಎಂದು ಗದರಿ ಒಳಗೆ ಕಳಿಸಿದರು. ಒಳಗಿದ್ದ ಅಧಿಕಾರಿ ಪಾಸ್‌ಪೋರ್ಟನ್ನು ಮೂಗಿನಿಂದ ದೂರ ಹಿಡಿದು, ಎದ್ದ ಫೋಟೋವನ್ನೂ ಎಲ್ಸಾಬಾಯಿಯ ಮುಖವನ್ನೂ ನೋಡಿದರು. ಏನೂ ಕೇಳದೆ ಆರು ತಿಂಗಳಿಗೆ ಠಸ್ಸೆ ಒತ್ತಿದರು.

ಪರ್ವ ಮುಗಿದ ದಿನ ಆಯಿಗೆ ಪಾರಣೆ ಮಾಡಿಸಲು ಮನೆಯವರೆಲ್ಲ ಸೇರಿದ್ದೆವು. ಮೌನ ಬಿಟ್ಟ ಆಯಿ, ಇನ್ನೂ ಮೂರು ಉಪವಾಸ ಮಾಡುತ್ತೇನೆಂದರು. ಮಾವನವರಿಗೆ ಸಂಕಟವಾಯಿತು.

"ಚಕ್ಕಳ ಮುಟ್ಟಿದ್ದಕ್ಕ ಸ್ನಾನ ಆತಲ್ಲ ಆಯಿ. ಮತ್ತ ಯಾಕ ದೇಹ ದಣಸ್ತಿ?"

"ಮುಟ್ಟಿದ್ದಕ್ಕಲ್ಲೋ ಅಪ್ಪಾ" ಎಂದರು ಆಯಿ. "ಒಬ್ಬರ ಸಾಮಾನ ಅವರನ್ನ ಕೇಳದ ಎತ್ತಿದ್ನಿ. ಕೊಡದ್ದನ್ನ ತಗೊಂಡ್ರ ಅದು ಕಳವ ಆತು. ಮನಿಗೆ ಬಂದ ಹೆಣ್ಮಗಳ ಹಾದೀನ ನಾ ಗೋಣಿಚೀಲದಾಗ ಹಾಕಿ ಕಟ್ಟಿದ್ನಿ."

ಮೂರು ದಿನವೂ ಎಲ್ಸಾಬಾಯಿ ಆಯಿಯ ಪಕ್ಕದಲ್ಲೇ ಕೂತು, ಮುಚ್ಚಿಟ್ಟಿದ್ದ ಬಣ್ಣದ ಪೆಟ್ಟಿಗೆ ತೆರೆದು ಅವರ ಚಿತ್ರ ಬರೆದರು.

ಅವಧಿ ಮುಗಿಯುವುದರೊಳಗೆ ಎಲ್ಸಾಬಾಯಿಗೆ ಮುಂಬಯಿಯಲ್ಲಿ ಚಿತ್ರ ಕಲಿಸುವ ಕೆಲಸ ಸಿಕ್ಕಿತು. ಯುದ್ಧ ಮುಗಿಯುವವರೆಗೂ ಅಲ್ಲೇ ಸುಖವಾಗಿದ್ದರು. ಆಮೇಲೆ ಒಮ್ಮೆ ನಮ್ಮನ್ನು ನೋಡಲು ಬಂದಾಗ ಅಣ್ಣನ ವಿಷಯ ಕೇಳಿದೆ. ಅವರ ಮನೆತನದಲ್ಲಿ ಉಳಿದವರು ತಾವೊಬ್ಬರೇ ಎಂದರು. ಬಸದಿಯ ಕಂಬ ಹಿಡಿದು ಆಯಿ ಆ ದಿನ ಎದ್ದಿರದಿದ್ದರೆ ಎಂದು ನೆನೆದರೆ, ಈ ವಯಸ್ಸಿನಲ್ಲೂ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ.