ಬಳೆಗಾರ್ತಿ ಅಜ್ಜಿಯ ಬಲಗೈ

ನಾನು ರೋಣದ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ಸೇರಿದ ಹೊಸತು. ಎರಡು ಸಾವಿರದ ಇಸವಿ ಆಗತಾನೇ ದಾಟಿತ್ತು. ಒಂದು ಮಧ್ಯಾಹ್ನ ಗಜೇಂದ್ರಗಡದ ಬಳೆಗಾರ್ತಿ ಅಜ್ಜಿ ಮಗನ ಜೊತೆ ಬಂದಳು. ನನ್ನ ಮದುವೆಗೆ ಬಳೆ ತೊಡಿಸಿದವಳು ಅವಳೇ. ಎಪ್ಪತ್ತು ದಾಟಿದರೂ ಬುಟ್ಟಿ ಹೊತ್ತು ಬಸ್ಸು ಹತ್ತಿ ಸೂಡಿ, ಜಕ್ಕಲಿಯಂಥ ಹಳ್ಳಿಗಳನ್ನು ಸುತ್ತುತ್ತಿದ್ದಳು. ಜ್ವರ ಎಂದಳು. ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು. ಮಗನನ್ನು ಚೀಟಿ ಮಾಡಿಸಲು ಕಳಿಸಿ, ನನ್ನ ಕೈ ಹಿಡಿದು ಸೆರಗಿನೊಳಗೆ ಇಟ್ಟುಕೊಂಡಳು. ಬಲ ಎದೆಯಲ್ಲಿ ಅಡಿಕೆಯಷ್ಟು ಗಟ್ಟಿ ಗಂಟು.

"ಎಷ್ಟ ದಿನಾ ಆತು ಅಜ್ಜಿ?"

"ರಂಜಾನ್ ಮುಂದ ಕಂಡಿತ್ತು. ಗಂಡಮಗಗ ಹ್ಯಾಂಗ ಹೇಳ್ಲವಾ?"

ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದಾಯಿತು. ಮಗ ಒಬ್ಬನೇ ನನ್ನ ಬಳಿ ಬಂದ. "ಈ ವಯಸ್ಸಿನ್ಯಾಗ ಕೊಯ್ಸೂದು ಬ್ಯಾಡ್ರಿ ಸಿಸ್ಟರ್. ಅವ್ವಗ ಹೇಳೂದೂ ಬ್ಯಾಡ. ಇದ್ದಷ್ಟ ದಿನಾ ನಗಕೋತ ಇರ್ಲಿ" ಎಂದು ಅತ್ತುಬಿಟ್ಟ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ವಯಸ್ಸಾದವರ ವಿಷಯದಲ್ಲಿ ಆಗ ನಾವೆಲ್ಲ ಹಾಗೇ ಯೋಚಿಸುತ್ತಿದ್ದೆವು.

ಆದರೂ ಮುಂದಿನ ಸಲ ರಜೆ ಹಾಕಿ ಅವರ ಜೊತೆ ಹುಬ್ಬಳ್ಳಿಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಮಗನ ಕಡೆ ತಿರುಗಿ ಮಾತು ಶುರು ಮಾಡುತ್ತಿದ್ದಂತೆ, "ಮೇಡಮ್, ಅಜ್ಜಿನ್ನ ಒಮ್ಮೆ ಕೇಳ್ರಿ" ಎಂದೆ. ಅವರು ನನ್ನನ್ನೊಮ್ಮೆ ನೋಡಿದರು. ಬಳಿಕ ಕಾಗದ ಕೆಳಗಿಟ್ಟು, ಸ್ಟೂಲನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡರು. ಎಷ್ಟು ದೂರ ನಡೀತೀರಿ, ಎಷ್ಟು ರೊಟ್ಟಿ ಉಣ್ತೀರಿ, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿದರು.

"ಇದು ಎಂಥಾ ಗಂಟಂತ ನನಗ ಗೊತ್ತೈತ್ರಿ," ಅಂದಳು ಅಜ್ಜಿ. "ಮಗಾ ಹಿತ್ತಲದಾಗ ಅಳೂದು ನೋಡೇನಿ. ತಗದಬಿಡ್ರಿ. ಆದ್ರ ಈ ಕೈ ಮ್ಯಾಲೆ ಏಳಬೇಕ ನೋಡ್ರಿ. ಬಳಿ ಇಡಸೂ ಕೈರಿ ಇದು."

ಮಗ ಕಣ್ಣೊರೆಸಿಕೊಂಡು, ಸಹಿ ಎಲ್ಲಿ ಹಾಕಬೇಕೆಂದು ಕೇಳಿದ.

ಆಪರೇಷನ್ ಆಯಿತು. ಅವಳ ವಯಸ್ಸು, ಶಕ್ತಿ, ಪರೀಕ್ಷೆಯ ವರದಿ ಎಲ್ಲ ನೋಡಿ, ಕೂದಲು ಉದುರಿಸುವಂಥ ಕಠಿಣ ಔಷಧಿ ಬೇಡ, ದಿನಕ್ಕೊಂದು ಗುಳಿಗೆ ಸಾಕು ಎಂದರು ಡಾಕ್ಟರಮ್ಮ. ಕೈ ಏಳಿಸುವ ವ್ಯಾಯಾಮವನ್ನು ನನಗೆ ಕಲಿಸಿಕೊಟ್ಟರು.

ಪ್ರತಿ ಭಾನುವಾರ ಗಜೇಂದ್ರಗಡಕ್ಕೆ ಹೋಗುತ್ತಿದ್ದೆ. ಅಜ್ಜಿ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲೆ ಮೇಲೆ ಸರಿಸಬೇಕು. ಮೊದಮೊದಲು ಭುಜದವರೆಗೂ ಏಳುತ್ತಿರಲಿಲ್ಲ. "ನಿನಗ ಬಳಿ ಇಡಸೂವಾಗ ನಾ ಹಿಂಗ ನೋಯಿಸಿದ್ನೇನ?" ಎಂದು ಕಣ್ಣೀರಿನಲ್ಲೇ ಜಗಳ ತೆಗೆಯುತ್ತಿದ್ದಳು. ಬೆರಳು ಮುಟ್ಟಿದ ಎತ್ತರಕ್ಕೆ ಮಗ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಸುಣ್ಣ ಬಳಿದ ಹೊಸ ಗೋಡೆ. ಗೋಡೆ ಹೊಲಸಾಯಿತೆಂದು ಸೊಸೆ ಗೊಣಗಲಿಲ್ಲ. ಮೂರನೇ ತಿಂಗಳು ಕೈ ತಲೆಯ ಮೇಲೆ ಹೋದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳು ಆಕೆಯೇ.

ಭಾರ ಎತ್ತುವಂತಿರಲಿಲ್ಲ. ಹಾಗಾಗಿ ಬುಟ್ಟಿ ಬಿಟ್ಟು ಮನೆಯ ಕಟ್ಟೆಯ ಮೇಲೆ ವ್ಯಾಪಾರಕ್ಕೆ ಕೂತಳು. ಹಳ್ಳಿಯ ಹೆಂಗಸರು ಸಂತೆಗೆ ಬಂದಾಗ ಅಲ್ಲಿಗೇ ಬರತೊಡಗಿದರು. ಹಾಗೆ ಆರು ವರ್ಷ ಇದ್ದಳು. ಕೊನೆಗೆ ಹೋದದ್ದು ಒಂದು ಚಳಿಗಾಲದ ನ್ಯುಮೋನಿಯಾದಿಂದ.

ನಲವತ್ತು ದಿನ ಕಳೆದ ಮೇಲೆ ಅವಳ ಮಗ ದವಾಖಾನೆಗೆ ಬಂದ. ಜೊತೆಗೆ ಬಾಯಲ್ಲಿ ಮಾಯದ ಹುಣ್ಣಾಗಿದ್ದ ನೆರೆಮನೆಯ ಮುದುಕ, ಒಬ್ಬ ನೇಕಾರ. ಪಾಪ, ಹೆದರಿ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿದ್ದ.

"ಅಂಜಬ್ಯಾಡ ಕಾಕಾ," ಎಂದು ಅವನ ಬೆನ್ನು ಸವರಿದ ಮಗ. "ಹುಬ್ಬಳ್ಳಿ ಮಟಾ ನಾನೂ ಬರ್ತೇನಿ."