ಯಾರ ರಸ್ತೆ ಮೊದಲು

ನನ್ನ ಅತ್ತೆ ಹಾವು ಕಚ್ಚಿ ಸತ್ತರು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುವಾಗ ಕಚ್ಚಿತು, ಖರೆ. ಆದರೆ ನಮ್ಮ ಓಣಿಯಿಂದ ನರಗುಂದದ ಬಸ್ಸು ಹೋಗುವ ರಸ್ತೆಗೆ ಎರಡು ಮೈಲಿ ಎರೆಮಣ್ಣಿನ ದಾರಿ. ಮಳೆ ಬಿದ್ದಿತ್ತು. ಆಂಬುಲೆನ್ಸ್ ಬಸ್ಸಿನ ರಸ್ತೆಯಲ್ಲೇ ನಿಂತಿತು. ಅತ್ತೆಯನ್ನು ಮಲಗಿಸಿಕೊಂಡು ಹೊರಟ ಟ್ರ್ಯಾಕ್ಟರ್ ನಡುದಾರಿಯಲ್ಲಿ ಹೂತುಹೋಯಿತು. ನಾಲ್ಕು ಮಂದಿ ಹೊರಸಿನ ಮೇಲೆ ಹೊತ್ತು ನಡೆದರು. ನಾನು ಅವರ ಕೈ ಹಿಡಿದುಕೊಂಡೇ ಓಡುತ್ತಿದ್ದೆ. ರಸ್ತೆ ಮುಟ್ಟುವ ಮೊದಲೇ ಆ ಕೈ ತಣ್ಣಗಾಯಿತು.

ನಮ್ಮ ದಾರಿಗೆ ಖಡಿ ಹಾಕಲು ಹಿಂದಿನ ವರ್ಷವೇ ಮಂಜೂರಾಗಿತ್ತು. ಆಗಿನ ಪಂಚಾಯ್ತಿ ಅಧ್ಯಕ್ಷ ಅದನ್ನು ತನ್ನ ಗೋದಾಮಿನ ದಾರಿಗೆ ತಿರುಗಿಸಿಕೊಂಡಿದ್ದ. ಕೇಳಲು ಹೋದ ನನ್ನ ಗಂಡನಿಗೆ, "ನಿಮ್ಮ ಓಣ್ಯಾಗ ಇರೋವು ಹನ್ನೆರಡ ಮನಿ. ಅವಸರ ಏನೈತಿ?" ಎಂದಿದ್ದ. ಅತ್ತೆಯ ಮಣ್ಣಿಗೆ ಬಂದಾಗ ಬಿಳಿ ಧೋತರಕ್ಕೆ ಕೆಸರು ಹತ್ತದಂತೆ ಎತ್ತಿ ಹಿಡಿದು ನಿಂತಿದ್ದ. ನಾನು ಅಳು ನಿಲ್ಲಿಸಿ ಅವನನ್ನೇ ನೋಡಿದೆ.

ಮುಂದಿನ ಸಲ ಅಧ್ಯಕ್ಷ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಚುನಾವಣೆಗೆ ನಿಂತೆ, ಗೆದ್ದೆ, ಅಧ್ಯಕ್ಷೆಯಾದೆ. ಊರ ಸೇವೆಗೆ ಅಂತ ಮನೆಮನೆಗೆ ಹೇಳಿದ್ದು ಸುಳ್ಳು. ನನಗೆ ಅವನು ಕೂತಿದ್ದ ಕುರ್ಚಿ ಬೇಕಾಗಿತ್ತು.

ಮೊದಲ ವರ್ಷವೇ ನಮ್ಮ ದಾರಿ ಮುಗಿಸಿದೆ. ಅಷ್ಟರಲ್ಲಿ ಗೋದಾಮಿನ ದಾರಿಯ ಖಡಿ ಲಾರಿಗಳ ಭಾರಕ್ಕೆ ಕಿತ್ತುಹೋಗಿತ್ತು. ಅವನೇ ಪಂಚಾಯ್ತಿಗೆ ಬಂದ.

"ಅಕ್ಕಾರ, ಕಡ್ಲಿ ಲಾರಿ ಒಳಗ ಬರವಲ್ವು. ಈ ಸಲ ನಮ್ಮ ದಾರಿ ಪಟ್ಟಿಗೆ ಹಾಕ್ರಿ."

"ಅಲ್ಲಿರೋದು ನಿಮ್ಮದೊಂದ ಗೋದಾಮು. ಅವಸರ ಏನೈತ್ರಿ?" ಎಂದೆ. ಅವನ ಮುಖ ಕಪ್ಪಿಟ್ಟಿತು. ಅವತ್ತು ಹೊಟ್ಟೆ ತುಂಬ ಉಂಡೆ.

ಆದರೆ ಆ ದಾರಿಯಲ್ಲಿ ಗಾದಿ ಹೊಲಿಯುವ ಒಂದು ಮುಸ್ಲಿಂ ಕುಟುಂಬವೂ ಇತ್ತು. ವಾರ ಬಿಟ್ಟು ಆ ಮನೆಯ ಮುದುಕಿ ಬಂದು ನನ್ನೆದುರು ಕೂತಳು.

"ಸಿಟ್ಟು ಅವನ ಮ್ಯಾಲ, ಕೆಸರು ತುಳಿಯಾವ್ರು ನಾವು. ನನ್ನ ಸೊಸಿಗೆ ದಿನ ತುಂಬ್ಯಾವ ಯವ್ವಾ. ಹೆಂಗ ಒಯ್ಯೂಣು?"

ನಾಚಿಕೆಯಾಯಿತು. ಆ ವಾರವೇ ಕೆಲಸ ಹಚ್ಚಿಸಿದೆ.

ಕಾಂಕ್ರೀಟ್ ಹಾಕುವಾಗ ನಾನೇ ಬಿಸಿಲಲ್ಲಿ ನಿಂತಿದ್ದೆ. ಕಾಂಕ್ರೀಟು ಗಾದಿಯವರ ಮನೆ ದಾಟುತ್ತಲೇ, "ಸಾಕ್ರಿ, ಇಲ್ಲಿಗೆ ನಿಲ್ಲಸ್ರಿ," ಎಂದೆ. ಗೋದಾಮು ಇನ್ನೂ ನಲವತ್ತು ಹೆಜ್ಜೆ ಇತ್ತು. ಅವನು ಅದರ ಬಾಗಿಲಲ್ಲಿ ನಿಂತು ನನಗೆ ಕೈಮುಗಿದ. ನಾನು ನೋಡಿದೆ. ನೋಡಿಯೇ ಕೆಲಸದವರಿಗೆ ಚಹಾ ತರಿಸಿ, ಯಂತ್ರವನ್ನು ವಾಪಸು ಕಳಿಸಿದೆ.

ನನ್ನ ಅವಧಿ ಮುಗಿದಿದೆ. ಆ ನಲವತ್ತು ಹೆಜ್ಜೆ ಇನ್ನೂ ಹಾಗೇ ಇದೆ. ಮಾಡಿದ್ದು ತಪ್ಪು ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಅನ್ನಲಿ.