ಪಟ್ಟೆಯ ಐದು ಮೀನುಗಳು

ಅಫಜಲಪುರದ ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಸೇರಿದಾಗ ನನ್ನ ಜೊತೆ ಒಂದು ಹಾಸಿಗೆ ಸುರುಳಿ, ಒಂದು ಟ್ರಂಕು, ಮತ್ತೆ ಕಾರವಾರದ ಕಡಲಮೀನು ತುಂಬಿದ ಮೂವತ್ತೆಂಟು ಗಾಜಿನ ಬಾಟಲಿಗಳು ಬಂದವು. ಎಂಬತ್ತರ ದಶಕದ ಮಾತು. ಕಾಳಿ ನದಿ ಸಮುದ್ರ ಸೇರುವಲ್ಲಿ ಯಾವ ಯಾವ ಮೀನುಗಳಿವೆ, ಯಾವ ಕಾಲಕ್ಕೆ ಬರುತ್ತವೆ, ಏನು ತಿನ್ನುತ್ತವೆ ಎಂಬುದು ನನ್ನ ಸಂಶೋಧನೆ. ಅದು ಅರ್ಧ ಮುಗಿದಿದ್ದಾಗ ನೌಕರಿ ಸಿಕ್ಕಿತು. ಉಳಿದದ್ದನ್ನು ಅಫಜಲಪುರದಲ್ಲೇ ಕೂತು ಬರೆಯುತ್ತೇನೆಂದು ನನ್ನ ಗುರುಗಳಿಗೆ ಹೇಳಿ ಬಂದಿದ್ದೆ.

ನಮ್ಮ ಊರು ಸರಸಂಬಾ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ತತ್ತಿಯೂ ಹೊಸ್ತಿಲು ದಾಟುತ್ತಿರಲಿಲ್ಲ. ನಾನು ಮೀನು ಕೊಯ್ಯುತ್ತೇನೆಂದು ಗೊತ್ತಾದಾಗ ಅವ್ವ ಒಂದೇ ಮಾತು ಕೇಳಿದ್ದಳು: "ಸತ್ತ ಮ್ಯಾಲ ಕೊಯ್ತಿಯೋ, ಜೀವ ಇದ್ದಾಗೋ?" ಸತ್ತ ಮೇಲೆ ಎಂದೆ. ಆಮೇಲೆ ಆ ವಿಷಯ ಅವಳು ಎತ್ತಲೇ ಇಲ್ಲ.

ಅಫಜಲಪುರದ ಬಾಡಿಗೆ ಮನೆಯ ಮಾಲಕಿ ಮೊದಮೊದಲು ರೊಟ್ಟಿ ಬಡಿಯುವಾಗ ನನ್ನನ್ನು ಒಳಗೆ ಕರೆದು ಕೂರಿಸಿಕೊಳ್ಳುತ್ತಿದ್ದಳು. ಒಂದು ದಿನ, "ನಿನ್ನ ಕೈಗಿ ದವಾಖಾನಿ ವಾಸನಿ ಬರ್ತದಲ್ಲ ತಂಗಿ?" ಎಂದಳು. ಬಾಟಲಿಗಳ ಸುದ್ದಿ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಮರುದಿನದಿಂದ ರೊಟ್ಟಿಯನ್ನು ಬಾಗಿಲ ಹೊರಗಿಂದಲೇ ಕೊಟ್ಟಳು, ಬಿಸಿಯಾಗಿಯೇ ಕೊಟ್ಟಳು.

ಕಾಲೇಜಿನಲ್ಲಿ ನನ್ನ ವಿಷಯಕ್ಕೆ ನಾನೊಬ್ಬಳೇ. ಉಳಿದವರು ಒಳ್ಳೆಯವರೇ, ಆದರೆ ತೊಗರಿಯ ಮಾತು ಮುಗಿದರೆ ವರ್ಗಾವಣೆಯ ಮಾತು. ತರಗತಿ ಮುಗಿದ ಮೇಲೆ ಪ್ರಯೋಗಾಲಯದ ಬಾಗಿಲು ಎಳೆದುಕೊಂಡು ಮೀನು ಅಳೆಯುತ್ತಿದ್ದೆ. ಅಳತೆಗಳನ್ನು ಗಟ್ಟಿಯಾಗಿ ಓದಿ, ನಾನೇ ಬರೆದುಕೊಳ್ಳುತ್ತಿದ್ದೆ. ಕೆಲವು ದಿನ ಸಂಜೆಯವರೆಗೆ ನನ್ನ ಬಾಯಿಂದ ಬಂದದ್ದು ಆ ಅಂಕಿಗಳಷ್ಟೇ ಎಂದು ನಂತರ ಹೊಳೆಯುತ್ತಿತ್ತು.

ಆ ಬಾಟಲಿಗಳಲ್ಲಿ ಒಂದರೊಳಗೆ ಐದು ಮೀನುಗಳಿದ್ದವು. ಬೆರಳುದ್ದ, ಮೈಮೇಲೆ ಅಡ್ಡಡ್ಡ ಪಟ್ಟೆ. ನದೀಮುಖದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬಲೆಗೆ ಸಿಕ್ಕಿದ್ದವು. ನನ್ನ ಬಳಿ ಇದ್ದ ಎರಡೇ ಪುಸ್ತಕಗಳಲ್ಲಿ ಅಂಥ ಪಟ್ಟೆಯ ಮೀನು ಇರಲಿಲ್ಲ. ಬೆನ್ನಿನ ರೆಕ್ಕೆಯ ಮುಳ್ಳುಗಳ ಲೆಕ್ಕ ಮಾತ್ರ ಆಳ ಸಮುದ್ರದ ಬಂಡೆಗಳಲ್ಲಿರುವ ಒಂದು ದೊಡ್ಡ ಕೆಂಪು ಮೀನಿಗೆ ಸರಿಹೊಂದುತ್ತಿತ್ತು. ಆದರೆ ಅದಕ್ಕೆ ಪಟ್ಟೆಯಿಲ್ಲ, ಅದು ಮೊಳದುದ್ದ. ಆದ್ದರಿಂದ ಇದು ಅದರ ಸಮೀಪದ, ಯಾರೂ ಹೆಸರಿಡದ ಜಾತಿ ಎಂದು ತೀರ್ಮಾನಿಸಿದೆ. ಹಾಗೆ ಆಗಲಿ ಎಂಬ ಆಸೆಯೇ ದೊಡ್ಡದಿತ್ತು. ಮೂರು ತಿಂಗಳು ಅದರ ಚಿತ್ರ ಬರೆದೆ, ಒಂದೊಂದು ಹುರುಪೆಯನ್ನೂ ಬಿಡದೆ. ಐದೇ ಇದ್ದುದರಿಂದ ಒಂದನ್ನೂ ಕೊಯ್ಯಲಿಲ್ಲ. ಗುರುಗಳಿಗೆ ನಾಲ್ಕು ಪುಟದ ಕಾಗದ ಬರೆದು ಅಂಚೆಗೆ ಹಾಕಿದೆ. ಆ ದಿನ ಮನೆಯವರೆಗೆ ನಡೆದದ್ದೇ ನೆನಪಿಲ್ಲ.

ತರಗತಿಯ ಮಕ್ಕಳಿಗೆ ತೋರಿಸಲು ನದಿಯ ಮೀನು ಬೇಕಾಗುತ್ತಿತ್ತು. ಸಂತೆಯ ತುದಿಯಲ್ಲಿ ಒಬ್ಬ ಮುದುಕಿ ಭೀಮಾ ಹೊಳೆಯ ಮೀನು ಮಾರುತ್ತಿದ್ದಳು. ಗಂಡ, ಮೈದುನರು ಬಲೆ ಹಾಕುವವರು. ಅವಳೂ ಹರೆಯದಲ್ಲಿ ಹಾಕಿದವಳು. ನನ್ನ ಹಣೆಯ ವಿಭೂತಿ ನೋಡಿ ಅವಳೇ ಮುಜುಗರಪಟ್ಟು, ಮೀನನ್ನು ಎಲೆಯಲ್ಲಿ ಸುತ್ತಿ, ಮೇಲೆ ಕೊತ್ತಂಬರಿ ಇಟ್ಟು ಚೀಲಕ್ಕೆ ಹಾಕುತ್ತಿದ್ದಳು.

"ತಿನ್ನಂಗಿಲ್ಲ ಅಂತೀರಿ, ಒಯ್ದು ಏನ್ ಮಾಡ್ತೀರಿ ಅಕ್ಕೋರೆ?" ಎಂದು ಒಮ್ಮೆ ಕೇಳಿದಳು.

"ಬಾ ಆಯಿ, ತೋರಸ್ತೇನಿ" ಎಂದೆ.

ಕಾಗದ ಹಾಕಿದ ವಾರದಲ್ಲೇ ಅವಳು ನಿಜಕ್ಕೂ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಬಾಟಲಿಯ ಮುಂದೆ ನಿಂತಳು. ಸಮುದ್ರ ಕಂಡವಳಲ್ಲ. ಆದರೂ ನನಗೆ ಅಫಜಲಪುರಕ್ಕೆ ಬಂದಾಗಿನಿಂದ ಅಂಥ ನೋಡುಗರು ಸಿಕ್ಕಿರಲಿಲ್ಲ. ಹಿಗ್ಗಿನಿಂದ ಐದು ಮೀನಿನ ಬಾಟಲಿ ಮುಂದಿಟ್ಟೆ.

"ಇದು ಯಾರಿಗೂ ಗೊತ್ತಿಲ್ಲದ ಮೀನು, ಆಯಿ."

ಅವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇವು ಮರಿಗೋಳ್ರಿ."

"ಅಲ್ಲ, ಇದರ ಜಾತಿನೇ ಸಣ್ಣದು."

"ಕಣ್ಣು ನೋಡ್ರಿ ಅಕ್ಕೋರೆ. ತಲಿಗಿ ಮೀರಿ ಅವ. ಕೂಸಿನ ಕಣ್ಣು. ನಮ್ಮ ಹೊಳ್ಯಾಗೂ ಮರಿ ಇದ್ದಾಗ ಚುಕ್ಕಿ, ಪಟ್ಟಿ ಇರ್ತಾವ. ದೊಡ್ಡವು ಆದ್ಮ್ಯಾಗ ಹೋಗ್ತಾವ." ಬಾಟಲಿ ಕೆಳಗಿಟ್ಟು ನನ್ನ ಮುಖ ನೋಡಿದಳು. "ಯಾಕ್ರಿ, ತಪ್ಪು ಮಾತಾಡಿದ್ನೇನು?"

ಇಲ್ಲ ಎಂದೆ. ಅವಳು ಹೋದ ಮೇಲೆ ಬಾಟಲಿಯನ್ನು ಕೊಯ್ಯುವ ಮೇಜಿಗೆ ತಂದೆ. ಪರೀಕ್ಷಿಸುವ ದಾರಿ ಒಂದೇ ಇತ್ತು, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು. ಒಂದು ಮೀನನ್ನು ಹೊರಗೆ ತೆಗೆದು ಹೊಟ್ಟೆ ಬಿಡಿಸಿದೆ. ಬೆಳೆದ ಮೀನಾಗಿದ್ದರೆ ತತ್ತಿಯ ಚೀಲವೋ, ಗಂಡಾದರೆ ಬೀಜದ ಚೀಲವೋ ಕಾಣಬೇಕು. ಅಲ್ಲಿ ನೂಲಿನೆಳೆಯಂಥದು ಮಾತ್ರ ಇತ್ತು. ಎರಡನೆಯದನ್ನೂ ಕೊಯ್ದೆ. ಅದೂ ಹಾಗೆಯೇ. ಮೂರನೆಯದಕ್ಕೆ ಕೈ ಹಾಕಲಿಲ್ಲ.

ನಾಚಿಕೆಗಿಂತ ಹೆಚ್ಚು ಕಾಡಿದ್ದು ಬೇರೆ. ಪಕ್ಕದಲ್ಲಿ ಒಬ್ಬರು, ಬರೀ ಒಬ್ಬರು ಇದ್ದಿದ್ದರೆ, ಇದು ಮೂರು ತಿಂಗಳು ಹಿಡಿಯುತ್ತಿರಲಿಲ್ಲ. ಅಷ್ಟು ದಿನ ಆ ಮೀನುಗಳ ಬಗ್ಗೆ ನಾನು ಮಾತಾಡಿದ್ದು ನನ್ನೊಂದಿಗೇ, ಹೌದೆಂದದ್ದೂ ನಾನೇ.

ಎರಡನೆಯ ಕಾಗದ ಅರ್ಧ ಪುಟದ್ದು: ಇವು ಹೊಸ ಜಾತಿಯಲ್ಲ, ಆ ಕೆಂಪು ಮೀನಿನ ಮರಿಗಳು. ಗುರುಗಳ ಉತ್ತರ ತಡವಾಗಿ ಬಂತು. ಬೈದಿರಲಿಲ್ಲ. "ಮರಿಗಳು ನದಿಯಲ್ಲಿ, ತಾಯಿ ಆಳದಲ್ಲಿ ಎಂದಾದರೆ ನಡುವಿನ ವಯಸ್ಸಿನವು ಎಲ್ಲಿವೆ? ರಜೆಯಲ್ಲಿ ಬಂದು ಹುಡುಕು" ಎಂದಷ್ಟೇ ಬರೆದಿದ್ದರು.

ರಜೆಗೆ ಬಸ್ಸುಗಳನ್ನು ಬದಲಿಸುತ್ತ ಕಾರವಾರ ತಲುಪಿದೆ. ಹದಿನೆಂಟು ದಿನ ಬೆಳಿಗ್ಗೆ ದೋಣಿಗಳು ಬರುವ ಹೊತ್ತಿಗೆ ದಂಡೆಯಲ್ಲಿ ನಿಂತೆ. ನದಿಯ ಬಾಯಿಯಿಂದ ಸ್ವಲ್ಪ ಆಚೆ ಹಾಕಿದ ಬಲೆಗಳಲ್ಲಿ ಗೇಣುದ್ದದವು ಸಿಕ್ಕವು. ಪಟ್ಟೆಗಳು ಮಾಸಿ, ಮೈ ಕೆಂಪಾಗತೊಡಗಿತ್ತು. ಇನ್ನೂ ಆಚೆಯವಕ್ಕೆ ಪಟ್ಟೆಯ ನೆರಳಷ್ಟೇ. ಒಂದೇ ಮೀನು ಬೇರುಗಳ ಆಸರೆಯಲ್ಲಿ ಬೆಳೆದು, ಬಣ್ಣ ಬದಲಿಸಿಕೊಂಡು, ಆಳಕ್ಕೆ ಹೋಗುತ್ತಿತ್ತು. ಮೀನಿನ ವಿದ್ಯೆ ಬಲ್ಲ ದೊಡ್ಡವರಿಗೆ ಇದು ಹೊಸ ಸುದ್ದಿಯಲ್ಲ. ಆದರೂ ಆ ನದೀಮುಖದಲ್ಲಿ ಹಂತ ಹಂತವಾಗಿ ಅದನ್ನು ತೋರಿಸಿದ ಅಧ್ಯಾಯವೇ ನನ್ನ ಪ್ರಬಂಧದಲ್ಲಿ ಗಟ್ಟಿಯಾಗಿ ನಿಂತದ್ದು.

ಕೃತಜ್ಞತೆಯ ಪುಟದಲ್ಲಿ ಗುರುಗಳ ನಂತರ ಮುದುಕಿಯ ಹೆಸರು ಬರೆದೆ. ಗುಲಬರ್ಗಾದಲ್ಲಿ ಟೈಪು ಮಾಡುವವನು, "ಇವರು ಯಾವ ಕಾಲೇಜಿನವರ್ರಿ ಮೇಡಂ?" ಎಂದ. ಭೀಮಾ ದಂಡಿಯವರು ಎಂದೆ. ಅವನು ಹಾಗೆಯೇ ಹೊಡೆದ.

ಪ್ರಬಂಧದ ಪ್ರತಿ ಹಿಡಿದು ಸಂತೆಗೆ ಹೋದೆ. ಅವಳು ಒದ್ದೆ ಕೈ ಹಿಂದೆ ಕಟ್ಟಿಕೊಂಡು, ಮುಟ್ಟದೆ, ನನ್ನ ಚಿತ್ರವನ್ನು ಬಗ್ಗಿ ನೋಡಿದಳು.

"ಚೊಲೋ ತೆಗದೀರಿ. ನಮ್ಮ ಹೊಳ್ಯಾನ ಮರಿಗೋಳ್ನೂ ನೋಡಾಕ ಬರ್ರಿ. ಒಬ್ಬಾಕಿ ಇರ್ತೀನಿ ದಂಡಿ ಮ್ಯಾಲ."

ಬರ್ತೇನಿ ಎಂದೆ. ಆ ತಿಂಗಳೇ ಜೇವರ್ಗಿಗೆ ವರ್ಗವಾಯಿತು. ಬಾಟಲಿಗಳನ್ನು ಒಣ ಜೋಳದ ಕಣಕಿಯ ನಡುವೆ ಜೋಡಿಸಿ ಸರಕಾರಿ ಬಸ್ಸಿನ ಮೇಲೆ ಹಾಕಿಸಿದೆ. ಹೊರಡುವ ಗಡಿಬಿಡಿಯಲ್ಲಿ ಹೊಳೆಗೆ ಹೋಗುವುದಾಗಲಿಲ್ಲ, ಆಮೇಲೆ ಹೋಗಲೇ ಇಲ್ಲ.